ಪಿ ವ್ಯಾಲ್ಯೂ 0.10 ಬಂತು, ಪ್ರಾಜೆಕ್ಟ್ ವೇಸ್ಟ್ ಆಯ್ತಾ?

ಪ್ರಶ್ನೆ: ಮಂಗಳೂರಲ್ಲಿ ಎಂಎಸ್ಸಿ ಸೈಕಾಲಜಿ ಲಾಸ್ಟ್ ಸೆಮಿಸ್ಟರ್‌ನಲ್ಲಿದ್ದೇನೆ. ಮೊಬೈಲ್ ಬಳಕೆಗೂ ಆಂಕ್ಸೈಟಿಗೂ ಸಂಬಂಧ ಉಂಟಾ ಅಂತ ಪ್ರಾಜೆಕ್ಟ್ ಮಾಡಿದ್ದು. ದಿನಕ್ಕೆ ಎಷ್ಟು ಗಂಟೆ ಮೊಬೈಲ್ ಯೂಸ್ ಮಾಡ್ತೀರಿ ಅಂತ ಒಂದು ಪ್ರಶ್ನೆ, ಜೊತೆಗೆ ಆಂಕ್ಸೈಟಿ ಅಳೆಯುವ ಏಳು ಪ್ರಶ್ನೆಯ ಜಿಎಡಿ-7 ಸ್ಕೇಲ್, ಎಲ್ಲ ಗೂಗಲ್ ಫಾರ್ಮಲ್ಲಿ. 62 ರೆಸ್ಪಾನ್ಸ್ ಬಂತು, ಹೆಚ್ಚಿನವ್ರು ನನ್ನ ಹಾಸ್ಟೆಲಿನವ್ರೇ. ಕೊರಿಲೇಷನ್, ಅಂದ್ರೆ ಎರಡರ ಸಂಬಂಧದ ಅಳತೆ, ಆರ್ 0.21, ಪಿ 0.10. ಒಬ್ರು ಸೀನಿಯರ್ ಮೂರು ಔಟ್‌ಲೈಯರ್ ತೆಗೆದ್ರೆ ಸಿಗ್ನಿಫಿಕೆಂಟ್, ಅಂದ್ರೆ ಪಿ 0.05ಕ್ಕಿಂತ ಕಮ್ಮಿ, ಆಗ್ತದೆ ಅಂತಾರೆ (ಒಬ್ರು 27 ಗಂಟೆ ಅಂತ ಬರ್ದಿದ್ದಾರೆ, ಒಬ್ರು ಎರಡು ಸಲ ಸಬ್ಮಿಟ್ ಮಾಡಿದ್ದಾರೆ, ಇನ್ನೊಬ್ರದ್ದು 9 ಗಂಟೆ ಮೊಬೈಲ್ ಆದ್ರೆ ಸ್ಕೋರ್ ಬರೀ 2). ಇನ್ನೊಬ್ರು ಮತ್ತೆ 15 ಜನರತ್ರ ತುಂಬಿಸಿ ನೋಡು ಅಂತಾರೆ. ಫ್ರೆಂಡ್ ಒಬ್ಳು ಒನ್ ಟೈಲ್ಡ್ ಮಾಡು ಅಂತಾಳೆ. ಯಾವುದು ಸರಿ? ಮತ್ತೆ ನಾಲ್ಕು ಜನರ ಜಿಎಡಿ ಸ್ಕೋರ್ 15ಕ್ಕಿಂತ ಜಾಸ್ತಿ ಉಂಟು, ಅದಕ್ಕೆ ನಾನು ಏನಾದ್ರೂ ಮಾಡ್ಬೇಕಾ?

ಉತ್ತರ: ವೇಸ್ಟ್ ಆಗ್ಲಿಲ್ಲ, ಮೊದಲು ಆ ತಲೆಬಿಸಿ ಬಿಡಿ. ನಿಮ್ಮ ಕೈಲಿರುವ ಡೇಟಾದಿಂದ ಒಂದು ಒಳ್ಳೆ ಪ್ರಾಮಾಣಿಕ ರಿಪೋರ್ಟ್ ಬರೀಲಿಕ್ಕೆ ಆಗ್ತದೆ. ಆದ್ರೆ ಈ ಮೂರು ಸಲಹೆಯಲ್ಲಿ ಯಾವುದನ್ನೂ ಹಾಗೇ ಫಾಲೋ ಮಾಡಿದ್ರೆ ಆ ಡೇಟಾಕ್ಕೆ ಬೆಲೆ ಹೋಗ್ತದೆ, ಯಾಕೆ ಅಂತ ಹೇಳ್ತೇನೆ, ಸ್ವಲ್ಪ ಉದ್ದ ಆಗ್ತದೆ, ಕೂತು ಓದಿ.

ಮೊದಲು ಪಿ ವ್ಯಾಲ್ಯೂ ಅಂದ್ರೆ ಎಂತ ಅಂತ ಕೈಯಾರೆ ಮಾಡಿ ನೋಡುವ. ಗೂಗಲ್ ಶೀಟಲ್ಲಿ ನಿಮ್ಮ ಡೇಟಾದ ಒಂದು ಕಾಪಿ ಮಾಡ್ಕೊಳ್ಳಿ, ಒರಿಜಿನಲ್ ಫೈಲ್ ಮುಟ್ಟುದೇ ಬೇಡ. ಎ ಕಾಲಮಲ್ಲಿ ಮೊಬೈಲ್ ಗಂಟೆ, ಬಿ ಕಾಲಮಲ್ಲಿ ಜಿಎಡಿ ಸ್ಕೋರ್, ಪಕ್ಕದ ಒಂದು ಖಾಲಿ ಸೆಲ್ಲಲ್ಲಿ ಕೊರಿಲೇಷನ್ ಫಾರ್ಮುಲಾ ಹಾಕಿ, 0.21 ತೋರಿಸ್ತದೆ. ಈಗ ಬಿ ಕಾಲಮ್ ಮಾತ್ರ ಸೆಲೆಕ್ಟ್ ಮಾಡಿ ಡೇಟಾ ಮೆನುವಿನಲ್ಲಿ ರ‍್ಯಾಂಡಮೈಸ್ ರೇಂಜ್ ಕೊಡಿ. ಸ್ಕೋರ್‌ಗಳೆಲ್ಲ ಕಲಸಿ ಹೋದವು, ಯಾರ ಸ್ಕೋರ್ ಯಾರ ಗಂಟೆಯ ಪಕ್ಕದಲ್ಲಿ ಕೂತಿದೆ ಅಂತ ಈಗ ಯಾವ ಅರ್ಥವೂ ಇಲ್ಲ, ಅಂದ್ರೆ ಮೊಬೈಲಿಗೂ ಆತಂಕಕ್ಕೂ ಏನೂ ಸಂಬಂಧ ಇಲ್ಲದ ಒಂದು ಲೋಕವನ್ನು ನೀವೇ ಮಾಡಿದ ಹಾಗೆ. ಆದ್ರೂ ಆರ್ ಸರಿಯಾಗಿ ಸೊನ್ನೆ ಬರುದಿಲ್ಲ. ಒಮ್ಮೆ 0.08 ಬರ್ಬಹುದು, ಒಮ್ಮೆ ಮೈನಸ್ 0.13, ಇನ್ನೊಮ್ಮೆ 0.24. ಹಾಗೇ ಮೂವತ್ತು ನಲವತ್ತು ಸಲ ಕಲಸಿ ಪ್ರತಿ ಸಲ ಬಂದ ನಂಬರನ್ನು ಪುಸ್ತಕದಲ್ಲಿ ಬರ್ಕೊಳ್ಳಿ. ಸಾವಿರ ಸಲ ಮಾಡಿದ್ರೆ ಸುಮಾರು ನೂರು ಸಲ ಆರ್ 0.21 ಅಥವಾ ಅದಕ್ಕಿಂತ ದೊಡ್ಡದು ಬರ್ತದೆ, ಪ್ಲಸ್ ಮೈನಸ್ ಎರಡೂ ಕಡೆ ಸೇರಿಸಿ. ಸಾವಿರಕ್ಕೆ ನೂರು ಅಂದ್ರೆ 0.10. ನಿಮ್ಮ ಪಿ ವ್ಯಾಲ್ಯೂ ಹೇಳುದು ಇಷ್ಟೇ: ಸಂಬಂಧವೇ ಇಲ್ಲ ಅಂತ ಇಟ್ಕೊಂಡ್ರೂ ಇಷ್ಟು ದೊಡ್ಡ ಆರ್ ಸುಮ್ನೆ ಅದೃಷ್ಟದಿಂದ ಹತ್ತರಲ್ಲಿ ಒಂದು ಸಲ ಬರ್ತದೆ.

ಅದು ಹೇಳದ್ದು ಎಂತ ಅಂತಲೂ ನೋಡಿ, ವೈವಾದಲ್ಲಿ ಹೆಚ್ಚಿನವ್ರು ಎಡವುದು ಇಲ್ಲೇ. ನನ್ನ ಹೈಪಾಥಿಸಿಸ್ ಸರಿ ಇರುವ ಚಾನ್ಸ್ ಶೇಕಡಾ 90 ಅಂತ ಅಲ್ಲ. ಸಂಬಂಧ ಇಲ್ಲ ಅಂತ ಪ್ರೂವ್ ಆಯ್ತು ಅಂತಲೂ ಅಲ್ಲ. ಈ ತಪ್ಪು ಅರ್ಥಗಳು ಎಷ್ಟು ಹಬ್ಬಿದ್ದವು ಅಂದ್ರೆ 2016ರಲ್ಲಿ ಅಮೆರಿಕನ್ ಸ್ಟಾಟಿಸ್ಟಿಕಲ್ ಅಸೋಸಿಯೇಷನ್ ಪಿ ವ್ಯಾಲ್ಯೂ ಬಗ್ಗೆನೇ ಒಂದು ಹೇಳಿಕೆ ಹೊರಡಿಸ್ಬೇಕಾಯ್ತು, ಬರೀ ಒಂದು ಗೆರೆ ದಾಟಿತಾ ಇಲ್ವಾ ಅಂತ ನೋಡಿ ತೀರ್ಮಾನ ಮಾಡಬೇಡಿ ಅಂತ ಅದ್ರಲ್ಲಿ ಸ್ಪಷ್ಟವಾಗಿ ಉಂಟು.

ಆ 0.05ರ ಗೆರೆ ಪ್ರಕೃತಿ ನಿಯಮ ಏನಲ್ಲ. ಇಂಗ್ಲೆಂಡಿನ ರಾಥಂಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದ್ದ ರೊನಾಲ್ಡ್ ಫಿಶರ್ 1925ರ ತನ್ನ ಪುಸ್ತಕದಲ್ಲಿ ಇಪ್ಪತ್ತರಲ್ಲಿ ಒಂದು ಅನ್ನುದು ಅನುಕೂಲದ ಅಳತೆ ಅಂತ ಬರ್ದ್ರು, ಆಮೇಲೆ ಪಠ್ಯಪುಸ್ತಕಗಳು ಅದನ್ನೇ ಶಾಸನದ ಹಾಗೆ ಮಾಡಿದ್ವು. (ಇದೇ ಫಿಶರ್ ಕೈಕೆಳಗೆ ಕೇಂಬ್ರಿಡ್ಜಲ್ಲಿ ಪಿಎಚ್‌ಡಿ ಮಾಡಿದವ್ರು ಸಿ.ಆರ್. ರಾವ್, ಹುಟ್ಟಿದ್ದು 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ. ಸ್ಟಾಟಿಸ್ಟಿಕ್ಸ್ ಅಂದ್ರೆ ಹೊರಗಿನವ್ರದ್ದು, ನಮ್ಗಲ್ಲ ಅಂತ ಹೆದರುವ ಮಕ್ಕಳಿಗೆ ನಾನು ಈ ಹೆಸರು ಹೇಳದೆ ಬಿಡುದಿಲ್ಲ.)

ಹಾಗಾದ್ರೆ ಪಿ ಬದಲು ಎಂತ ನೋಡುದು? ಕಾನ್ಫಿಡೆನ್ಸ್ ಇಂಟರ್ವಲ್ ನೋಡಿ, ಅಂದ್ರೆ ನಿಜವಾದ ಆರ್ ಎಲ್ಲಿಂದ ಎಲ್ಲಿಯ ವರೆಗೆ ಇರ್ಬಹುದು ಅನ್ನುವ ಅಂದಾಜು. ಜಾಸ್ಪ್ ಅಥವಾ ಜಮೋವಿ ಎರಡೂ ಫ್ರೀ ಸಾಫ್ಟ್‌ವೇರ್, ಕೊರಿಲೇಷನ್ ಮಾಡುವಾಗ ಒಂದು ಟಿಕ್ ಹಾಕಿದ್ರೆ ಅದನ್ನೂ ಕೊಡ್ತದೆ. 62 ಜನ, ಆರ್ 0.21ಕ್ಕೆ ನಾನು ಲೆಕ್ಕ ಹಾಕಿದ್ರೆ ಶೇಕಡಾ 95ರ ಇಂಟರ್ವಲ್ ಮೈನಸ್ 0.04ರಿಂದ 0.44ರ ವರೆಗೆ ಬರ್ತದೆ. ಇದನ್ನು ಒಮ್ಮೆ ನಿಧಾನ ಓದಿ. ನಿಜವಾದ ಸಂಬಂಧ ಸೊನ್ನೆಯ ಹತ್ರವೂ ಇರ್ಬಹುದು, 0.4ರ ಹತ್ರವೂ ಇರ್ಬಹುದು, ಮತ್ತೆ ಸೈಕಾಲಜಿಯಲ್ಲಿ 0.4 ಅಂದ್ರೆ ಸಣ್ಣ ವಿಷಯ ಅಲ್ಲ, ಜೇಕಬ್ ಕೋಹೆನ್ ಕೊಟ್ಟ ಅಂದಾಜಲ್ಲಿ 0.1 ಸಣ್ಣದು, 0.3 ಮಧ್ಯಮ, 0.5 ದೊಡ್ಡದು. ಅಂದ್ರೆ ನಿಮ್ಮ ಡೇಟಾ ಇಲ್ಲ ಅಂತ ಹೇಳ್ತಾ ಇಲ್ಲ, ಗೊತ್ತಾಗ್ಲಿಲ್ಲ ಅಂತ ಹೇಳ್ತಾ ಉಂಟು. ಇಲ್ಲ ಅನ್ನುದಕ್ಕೂ ಗೊತ್ತಾಗ್ಲಿಲ್ಲ ಅನ್ನುದಕ್ಕೂ ಇರುವ ವ್ಯತ್ಯಾಸ ನಿಮ್ಮ ಡಿಸ್ಕಷನ್ ಚಾಪ್ಟರಿನ ಜೀವ, ಅಷ್ಟು ಬರ್ದ್ರೂ ಸಾಕು ಅಂತ ನಂಗನಿಸ್ತದೆ.

ಗೊತ್ತಾಗದೆ ಇರುದಕ್ಕೆ ಕಾರಣ ಸ್ಯಾಂಪಲ್ ಸೈಜ್. ನಿಜವಾದ ಆರ್ 0.2 ಇದ್ದು ಅದನ್ನು ಹತ್ತರಲ್ಲಿ ಎಂಟು ಸಲ ಹಿಡೀಬೇಕಾದ್ರೆ 194 ಜನ ಬೇಕು. 0.3 ಇದ್ರೆ 85 ಸಾಕು, 0.1 ಆದ್ರೆ 780ರ ಮೇಲೆ ಹೋಗ್ತದೆ. 62 ಜನರಲ್ಲಿ 0.2ರ ಸಂಬಂಧ ಹುಡುಕಿದ್ರೆ ಸಿಗುವ ಚಾನ್ಸ್ ಮೂರರಲ್ಲಿ ಒಂದು ಅಷ್ಟೇ. ಇದಕ್ಕೆ ಪವರ್ ಅಂತಾರೆ. ಇದು ನಿಮ್ಮ ತಪ್ಪು ಅಂತ ನಾನು ಹೇಳ್ಲಿಕ್ಕಿಲ್ಲ, ಒಂದು ಸೆಮಿಸ್ಟರಲ್ಲಿ ಒಬ್ಬರೇ ಇನ್ನೂರು ಜನರನ್ನು ಹಿಡಿಯುದು ಕಷ್ಟ ಉಂಟು, ಹತ್ತು ಮಕ್ಕಳು ಹತ್ತು ಸಣ್ಣ ಪ್ರಾಜೆಕ್ಟ್ ಮಾಡುವ ಬದಲು ಐದೈದು ಜನ ಸೇರಿ ಒಂದೇ ಪ್ರಶ್ನೆಗೆ ಡೇಟಾ ತೆಗೀಲಿಕ್ಕೆ ಕಾಲೇಜುಗಳು ಬಿಡ್ಬೇಕು, ಇದನ್ನು ನಾನು ಪ್ರತಿ ಸಲ ಹೇಳ್ತೇನೆ, ಪುನಃ ಹೇಳ್ತೇನೆ.

ಈಗ ಸೀನಿಯರ್ ತೆಗೀಲಿಕ್ಕೆ ಹೇಳಿದ ಆ ಮೂರು ಸಾಲಿನ ವಿಷಯಕ್ಕೆ ಬರುವ, ಇದು ತುಂಬ ಮುಖ್ಯ. ಡೇಟಾ ತೆಗೆಯುದೇ ತಪ್ಪು ಅಂತ ಅಲ್ಲ. ನಿಮ್ಗೆ ನೀವೇ ಕೇಳ್ಬೇಕಾದ ಪ್ರಶ್ನೆ ಒಂದೇ, ರಿಸಲ್ಟ್ ನೋಡುವ ಮೊದಲೇ ಈ ಸಾಲು ಕಣ್ಣಿಗೆ ಬಿದ್ದಿದ್ರೆ ಆಗ್ಲೂ ಇದನ್ನು ತೆಗೀತಿದ್ದೆನಾ? 27 ಗಂಟೆ ಅನ್ನುದು ಆಗ್ಲಿಕ್ಕೆ ಸಾಧ್ಯವೇ ಇಲ್ಲದ ಉತ್ತರ, ದಿನಕ್ಕೆ ಇರುದೇ 24. ಅವ್ರು 2.7 ಅಂತ ಟೈಪ್ ಮಾಡ್ಲಿಕ್ಕೆ ಹೋದ್ರಾ, 7 ಅಂತ ಹೋದ್ರಾ ನಮ್ಗೆ ಗೊತ್ತಿಲ್ಲ, ಊಹೆ ಮಾಡಿ ಸರಿ ಮಾಡುದು ಬೇಡ, ಮಿಸ್ಸಿಂಗ್ ಅಂತ ಹಾಕಿ. ಎರಡು ಸಲ ಸಬ್ಮಿಟ್ ಮಾಡಿದವ್ರದ್ದು ಟೈಮ್‌ಸ್ಟಾಂಪ್ ನೋಡಿ, ಒಂದು ನಿಮಿಷದ ಅಂತರದಲ್ಲಿ ಅದೇ ವಯಸ್ಸು, ಅದೇ ಉತ್ತರ ಇದ್ರೆ ಮೊದಲ್ದು ಇಟ್ಟು ಎರಡನೇದ್ದು ತೆಗೀರಿ. ಇವೆರಡೂ ಯಾರು ನೋಡಿದ್ರೂ ಒಪ್ಪುವ ಕಾರಣ.

ಆದ್ರೆ ಆ 9 ಗಂಟೆ ಮೊಬೈಲ್, ಸ್ಕೋರ್ 2 ಇರುವ ವ್ಯಕ್ತಿ? ಅವ್ರು ತಪ್ಪು ಉತ್ತರ ಕೊಟ್ಟಿದ್ದಾರೆ ಅಂತ ಹೇಳ್ಲಿಕ್ಕೆ ನಿಮ್ಮತ್ರ ಯಾವ ಆಧಾರವೂ ಇಲ್ಲ. ಅವ್ರ ಮೇಲೆ ಇರುವ ಆರೋಪ ಒಂದೇ, ನಿಮ್ಮ ಹೈಪಾಥಿಸಿಸ್ಸಿಗೆ ಹೊಂದುದಿಲ್ಲ ಅಂತ. ಮಂಗಳೂರಿನ ಹಾಸ್ಟೆಲಲ್ಲಿ ಅಂಥವ್ರು ಯಾರಿರ್ಬಹುದು ಯೋಚನೆ ಮಾಡಿ ನೋಡಿ. ಅಪ್ಪ ದುಬೈಯಲ್ಲೋ ಜುಬೈಲಲ್ಲೋ ಇದ್ದು ದಿನಾ ರಾತ್ರಿ ಗಂಟೆಗಟ್ಟಲೆ ವೀಡಿಯೋ ಕಾಲಲ್ಲಿ ಮಾತಾಡುವ ಹುಡುಗಿ ಇರ್ಬಹುದು, ಲೆಕ್ಚರ್ ಪೂರಾ ಯೂಟ್ಯೂಬಲ್ಲೇ ಕೇಳಿ ಓದುವವ್ರು ಇರ್ಬಹುದು. ಅವ್ರಿಗೆ ಮೊಬೈಲ್ ಅಂದ್ರೆ ಆತಂಕ ಅಲ್ಲ, ಧೈರ್ಯ. ಗಂಟೆ ಲೆಕ್ಕ ಹಾಕುದು ಸಾಕಾಗುದಿಲ್ಲ, ಆ ಗಂಟೆಯಲ್ಲಿ ಎಂತ ಮಾಡ್ತಾರೆ ಅಂತ ಕೇಳ್ಬೇಕು ಅನ್ನುವ ಮುಂದಿನ ಪ್ರಶ್ನೆ ನಿಮ್ಗೆ ಸಿಗುದೇ ಈ ಒಂದು ಸಾಲಿನಿಂದ. ಅದನ್ನು ದಯವಿಟ್ಟು ಅಳಿಸ್ಬೇಡಿ.

ಎರಡು ಸಾಲು ಹೋದ ಮೇಲೆ 60 ಜನ ಉಳೀತಾರೆ, ಎಲ್ಲ ಹೊಸದಾಗಿ ಲೆಕ್ಕ ಹಾಕಿ. ಆ 27 ಹೋದ್ರೆ ಆರ್ ಸಾಕಷ್ಟು ಬದಲಾಗ್ಲೂಬಹುದು, ಯಾಕಂದ್ರೆ ಅಷ್ಟು ದೂರದಲ್ಲಿ ಕೂತ ಒಂದು ಪಾಯಿಂಟ್ ಪಿಯರ್ಸನ್ ಆರ್ ಅನ್ನು, ಅಂದ್ರೆ ನೀವು ಹಾಕಿದ ಈ ಮಾಮೂಲಿ ಕೊರಿಲೇಷನನ್ನು, ತನ್ನ ಕಡೆ ಎಳೀತದೆ. ಮೇಲೆ ಹೋಗ್ಲಿ ಕೆಳಗೆ ಬರ್ಲಿ, ಬಂದದ್ದನ್ನು ಬರೀರಿ, ತೆಗೆಯುವ ಮೊದಲು ಎಷ್ಟಿತ್ತು ತೆಗೆದ ಮೇಲೆ ಎಷ್ಟಾಯ್ತು ಅಂತ ಎರಡನ್ನೂ ಬರೀರಿ.

ಇನ್ನು 15 ಜನರನ್ನು ಸೇರಿಸಿ ನೋಡುವ ಐಡಿಯಾ. ಕೇಳ್ಲಿಕ್ಕೆ ಒಳ್ಳೇದೇ ಅನಿಸ್ತದೆ, ಜಾಸ್ತಿ ಡೇಟಾ ಬಂದ್ರೆ ನಷ್ಟ ಎಂತ ಅಂತ. ತೊಂದ್ರೆ ಇರುದು ನೋಡಿ ನೋಡಿ ನಿಲ್ಲಿಸುದ್ರಲ್ಲಿ. ಸಿಗ್ನಿಫಿಕೆಂಟ್ ಬಂದ ಕೂಡ್ಲೆ ನಿಲ್ಲಿಸುದು, ಬರದಿದ್ರೆ ಇನ್ನೂ ಸ್ವಲ್ಪ ಸೇರಿಸುದು ಅಂತ ಆದ್ರೆ ನಿಮ್ಮ ಶೇಕಡಾ 5ರ ತಪ್ಪಿನ ಮಿತಿ 5ರಲ್ಲಿ ನಿಲ್ಲುದಿಲ್ಲ. ಸಂಬಂಧವೇ ಇಲ್ಲದ ಡೇಟಾವನ್ನು, ಪ್ರತಿ ಸಲ ಅಷ್ಟಷ್ಟೇ ಜನ ಸೇರಿಸ್ತಾ, ಹಾಗೆ ಎರಡು ಸಲ ಚೆಕ್ ಮಾಡಿದ್ರೆ ತಪ್ಪು ಆಗುವ ಚಾನ್ಸ್ ಶೇಕಡಾ 8 ದಾಟ್ತದೆ, ಐದು ಸಲ ಆದ್ರೆ 14ರ ಹತ್ರ, ಹತ್ತು ಸಲ ಆದ್ರೆ 19. ಸೇರಿಸ್ಲೇಬೇಕು ಅಂತ ಇದ್ರೆ ಇವತ್ತೇ ಗೈಡ್ ಹತ್ರ ಕೂತು ಒಟ್ಟು 200 ಅಂತ ಫಿಕ್ಸ್ ಮಾಡಿ, ಡೇಟು ಹಾಕಿ ಬರ್ದಿಟ್ಟು, 200 ಆಗುವ ವರೆಗೆ ಫೈಲ್ ತೆರೆದು ನೋಡದೆ, ಆಮೇಲೆ ಒಂದೇ ಸಲ ಅನಾಲಿಸಿಸ್ ಮಾಡಿ, 62ರಲ್ಲಿ ಒಮ್ಮೆ ನೋಡಿದ್ದೆ ಅಂತಲೂ ರಿಪೋರ್ಟಲ್ಲಿ ಹೇಳಿ. ಹಾಗೆ ಮಾಡಿದ್ರೆ ಓದುವವ್ರಿಗೆ ಎಲ್ಲ ಗೊತ್ತಿರ್ತದೆ.

ಒನ್ ಟೈಲ್ಡ್ ಮಾಡಿದ್ರೆ, ಅಂದ್ರೆ ಪ್ಲಸ್ ಮೈನಸ್ ಎರಡೂ ಬಿಟ್ಟು ಒಂದೇ ಕಡೆ ಲೆಕ್ಕ ಹಾಕಿದ್ರೆ, ಪಿ ಅರ್ಧ ಆಗ್ತದೆ, 0.10 ಇದ್ದದ್ದು 0.05 ಆಗಿ ಗೆರೆಯ ಮೇಲೆ ಬಂದು ಕೂರ್ತದೆ. ಆಸೆ ಆಗುದು ಸಹಜ. ಸಿನಾಪ್ಸಿಸಲ್ಲಿ ಮೊದಲೇ ಒಂದೇ ದಿಕ್ಕಿನ ಹೈಪಾಥಿಸಿಸ್ ಮತ್ತು ಒನ್ ಟೈಲ್ಡ್ ಟೆಸ್ಟ್ ಅಂತ ಬರ್ದಿದ್ರೆ ಮಾಡಿ, ಇಲ್ಲಾಂದ್ರೆ ಬೇಡ. ಹುಡುಗ್ರು ಬೇರೆ ಹುಡುಗೀರು ಬೇರೆ, ಹಾಸ್ಟೆಲ್ ಬೇರೆ ಮನೆಯಿಂದ ಬರುವವ್ರು ಬೇರೆ ಅಂತ ತುಂಡು ತುಂಡು ಮಾಡಿ ಹುಡುಕುದೂ ಇದೇ ಜಾತಿಗೆ ಸೇರಿದ್ದು. ಏನೂ ಇಲ್ಲದ ಕಡೆ 20 ಬೇರೆ ಬೇರೆ ಟೆಸ್ಟ್ ಮಾಡಿದ್ರೆ ಒಂದಾದ್ರೂ ಸಿಗ್ನಿಫಿಕೆಂಟ್ ಬರುವ ಚಾನ್ಸ್ ಶೇಕಡಾ 64.

ಇದೆಲ್ಲ ಯಾರೋ ಕಳ್ಳರು ಮಾತ್ರ ಮಾಡುದು ಅಂತ ಅಂದ್ಕೊಳ್ಬೇಡಿ, ಒಳ್ಳೆ ಮನಸ್ಸಿನ ಸಂಶೋಧಕರೇ ಗೊತ್ತಿಲ್ಲದೆ ಮಾಡ್ತಾ ಬಂದಿದ್ದಾರೆ. 2011ರಲ್ಲಿ ಸಿಮನ್ಸ್, ನೆಲ್ಸನ್, ಸಿಮನ್‌ಸೊನ್ ಮೂವರು ಇಂಥದ್ದೇ ಸಣ್ಣ ಸಣ್ಣ ಸ್ವಾತಂತ್ರ್ಯ ತಗೊಂಡು, ಬೀಟಲ್ಸ್‌ನ ಒಂದು ಹಾಡು ಕೇಳಿದವ್ರ ವಯಸ್ಸು ಸುಮಾರು ಒಂದೂವರೆ ವರ್ಷ ಕಮ್ಮಿ ಆಗ್ತದೆ ಅಂತ ಸಿಗ್ನಿಫಿಕೆಂಟ್ ರಿಸಲ್ಟ್ ತೋರಿಸಿದ್ರು. ಹಾಡು ಕೇಳಿ ಹುಟ್ಟಿದ ದಿನ ಬದಲಾಗುದಿಲ್ಲ ಅಂತ ಎಲ್ರಿಗೂ ಗೊತ್ತು, ಬೇಕಂತಲೇ ಅಂಥ ಉದಾಹರಣೆ ತಗೊಂಡದ್ದು. ಅಂಥ ನಾಲ್ಕು ಸ್ವಾತಂತ್ರ್ಯ ಒಟ್ಟಿಗೆ ಸೇರಿದ್ರೆ ಸುಳ್ಳು ರಿಸಲ್ಟ್ ಬರುವ ಚಾನ್ಸ್ ಶೇಕಡಾ 60 ದಾಟ್ತದೆ ಅಂತ ಅವ್ರೇ ಕಂಪ್ಯೂಟರಲ್ಲಿ ತೋರಿಸಿದ್ರು. ಆಮೇಲೆ 2015ರಲ್ಲಿ ಓಪನ್ ಸೈನ್ಸ್ ಕೊಲಾಬರೇಷನ್‌ನವ್ರು ಸೈಕಾಲಜಿಯ 100 ಸ್ಟಡಿಗಳನ್ನು ಪುನಃ ಮಾಡಿ ನೋಡಿದ್ರು, ಮೂಲದಲ್ಲಿ ಶೇಕಡಾ 97 ಸಿಗ್ನಿಫಿಕೆಂಟ್ ಇದ್ದದ್ದು ಎರಡನೇ ಸಲ ಶೇಕಡಾ 36 ಮಾತ್ರ. ಈ ಸಬ್ಜೆಕ್ಟನ್ನು ಪ್ರೀತಿ ಮಾಡುವವ್ರಿಗೆ ಅದು ನೋವಿನ ಸಂಗತಿ, ಆದ್ರೆ ಅದ್ರಿಂದಲೇ ಪ್ಲಾನನ್ನು ಮೊದಲೇ ರಿಜಿಸ್ಟರ್ ಮಾಡಿಡುವ ಅಭ್ಯಾಸ ಜೋರಾಗಿ ಶುರು ಆಯ್ತು, ಓಪನ್ ಸೈನ್ಸ್ ಫ್ರೇಮ್‌ವರ್ಕ್ ಸೈಟಲ್ಲಿ ನೀವೂ ಫ್ರೀಯಾಗಿ ಮಾಡ್ಬಹುದು.

ಪಿ ವ್ಯಾಲ್ಯೂ ವಿಷಯ ಬಿಟ್ಟು ನಿಮ್ಮ ಪ್ರಾಜೆಕ್ಟಲ್ಲಿ ನಂಗೆ ಹೆಚ್ಚು ಚಿಂತೆ ಆದದ್ದು ಆ ಒಂದು ಪ್ರಶ್ನೆ, ದಿನಕ್ಕೆ ಎಷ್ಟು ಗಂಟೆ ಮೊಬೈಲ್ ಅಂತ. ಜನ ಹೇಳುವ ಗಂಟೆಗೂ ಫೋನಲ್ಲಿ ರೆಕಾರ್ಡ್ ಆದ ಗಂಟೆಗೂ ಸರಿಯಾಗಿ ತಾಳೆ ಆಗುದಿಲ್ಲ ಅಂತ ಹಲವು ಸ್ಟಡಿಗಳಲ್ಲಿ ಬಂದಿದೆ. ಅಳತೆಯೇ ಅಲುಗಾಡ್ತಾ ಇದ್ರೆ ಸಂಬಂಧ ಇದ್ದದ್ದಕ್ಕಿಂತ ಚಿಕ್ಕದಾಗಿ ಕಾಣ್ತದೆ, ಇದನ್ನು ಚಾರ್ಲ್ಸ್ ಸ್ಪಿಯರ್ಮನ್ 1904ರಲ್ಲೇ ಲೆಕ್ಕ ಮಾಡಿ ತೋರಿಸಿದ್ರು. ಉದಾಹರಣೆಗೆ ಜಿಎಡಿಯ ರಿಲಯಬಿಲಿಟಿ (ಅಳತೆ ಎಷ್ಟು ಸ್ಥಿರ ಅನ್ನುವ ನಂಬರ್, ಪೂರ್ತಿ ಸ್ಥಿರ ಇದ್ರೆ 1) 0.85, ಗಂಟೆ ಪ್ರಶ್ನೆಯದ್ದು 0.50 ಅಂತ ಇಟ್ಕೊಳ್ಳಿ, ಎರಡನ್ನೂ ಗುಣಿಸಿ ವರ್ಗಮೂಲ ತೆಗೆದ್ರೆ 0.65, ಅಂದ್ರೆ ನಿಜವಾದ 0.30 ನಿಮ್ಗೆ ಬರೀ 0.20 ಆಗಿ ಕಾಣ್ತದೆ. (ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಸೈಕಾಲಜಿ ವಿಭಾಗ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ ಲಂಡನಿನಲ್ಲಿ ಇದೇ ಸ್ಪಿಯರ್ಮನ್ ಹತ್ರ ಕಲಿತು ಬಂದವ್ರು, ಆಕಾಶವಾಣಿ ಅಂತ ಮೈಸೂರಲ್ಲಿ ರೇಡಿಯೋ ಶುರು ಮಾಡಿದ್ದೂ ಅವ್ರೇ.) ಮುಂದಿನ ಸಲ ಫೋನಿನ ಸೆಟ್ಟಿಂಗ್ಸಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಅಥವಾ ಸ್ಕ್ರೀನ್ ಟೈಮ್ ತೆರೆದು ಕಳೆದ ವಾರದ ಆವರೇಜ್ ನೋಡಿ ಬರೀರಿ ಅಂತ ಕೇಳಿ, ಅಷ್ಟೇ ಬದಲಾವಣೆ ಸಾಕು.

ಇನ್ನೊಂದು, ಲೆಕ್ಕ ಹಾಕುವ ಮೊದಲು ಸ್ಕ್ಯಾಟರ್ ಪ್ಲಾಟ್ (ಒಬ್ಬೊಬ್ಬರಿಗೆ ಒಂದೊಂದು ಚುಕ್ಕಿ ಇಡುವ ಚಿತ್ರ) ಹಾಕಿದ್ರಾ? ಹಾಕದಿದ್ರೆ ಇವತ್ತೇ ಹಾಕಿ. ಫ್ರಾನ್ಸಿಸ್ ಆನ್ಸ್‌ಕೋಂಬ್ 1973ರಲ್ಲಿ 11 ಪಾಯಿಂಟಿನ ನಾಲ್ಕು ಸಣ್ಣ ಡೇಟಾ ಸೆಟ್ ಕೊಟ್ರು, ನಾಲ್ಕರಲ್ಲೂ ಸರಾಸರಿ ಒಂದೇ, ಆರ್ ಒಂದೇ 0.816, ಚಿತ್ರ ಬಿಡಿಸಿದ್ರೆ ಮಾತ್ರ ಒಂದು ಓರೆ ಗೆರೆ, ಒಂದು ಬಾಗಿದ ಗೆರೆ, ಇನ್ನೆರಡ್ರಲ್ಲಿ ಒಂದೇ ಒಂದು ಪಾಯಿಂಟ್ ಇಡೀ ಆಟ ಆಡಿಸ್ತಾ ಉಂಟು. ಮೊಬೈಲ್ ಗಂಟೆ ಸಾಮಾನ್ಯವಾಗಿ ಒಂದು ಕಡೆ ವಾಲಿರ್ತದೆ, ಹಾಗಾಗಿ ನಂಬರ್ ಬದಲು ಅದರ ಕ್ರಮಾಂಕ ಮಾತ್ರ ನೋಡುವ ಸ್ಪಿಯರ್ಮನ್ ರ‍್ಯಾಂಕ್ ಕೊರಿಲೇಷನನ್ನೂ ಮಾಡಿ ಎರಡನ್ನೂ ಕೊಡಿ, ಯಾವುದು ಚಂದ ಬಂತು ಅಂತ ಆರಿಸುದು ಬೇಡ.

ಮತ್ತೆ ಆತಂಕಕ್ಕೆ ಮೊಬೈಲೇ ಕಾರಣ ಅನ್ನುವ ಮಾತು ರಿಪೋರ್ಟಲ್ಲಿ ಎಲ್ಲಿಯೂ ಬರ್ಬಾರ್ದು. ನಮ್ಮ ಊರಲ್ಲಿ ಜೂನ್ ಜುಲೈಯಲ್ಲಿ ಕೊಡೆ ವ್ಯಾಪಾರವೂ ಜೋರು, ಬಂಗುಡೆ ರೇಟೂ ಜೋರು, ಹಾಗಂತ ಕೊಡೆ ತಗೊಂಡದ್ರಿಂದ ಮೀನಿಗೆ ರೇಟ್ ಏರಿದ್ದಲ್ಲ, ಮಳೆಗಾಲ, ಟ್ರಾಲ್ ಬೋಟು ಕಡಲಿಗೆ ಇಳಿಯುದಿಲ್ಲ. ನಿಮ್ಮ ಡೇಟಾದಲ್ಲಿ ಆ ಮಳೆಗಾಲದ ಜಾಗದಲ್ಲಿ ಎಂತ ಇರ್ಬಹುದು? ಜಿಎಡಿ-7 ಕೇಳುದು ಕಳೆದ ಎರಡು ವಾರದ ಬಗ್ಗೆ. ಇಂಟರ್ನಲ್ಸ್ ಹತ್ರ ಬಂದಾಗ ಫಾರ್ಮ್ ಕಳಿಸಿದ್ರೆ ಆತಂಕವೂ ಜಾಸ್ತಿ, ನೋಟ್ಸಿಗೆ ಅಂತ ಮೊಬೈಲೂ ಜಾಸ್ತಿ, ನಿದ್ರೆಯೂ ಇಲ್ಲ. ಆತಂಕ ಇರುವವ್ರೇ ಮೊಬೈಲ್ ಹಿಡ್ಕೊಂಡು ಕೂರುದೂ ಇರ್ಬಹುದು. ಒಂದೇ ದಿನ ಎರಡನ್ನೂ ಅಳೆದ ಸರ್ವೆಯಿಂದ ಇದನ್ನು ಬಿಡಿಸ್ಲಿಕ್ಕೆ ಆಗುದಿಲ್ಲ. ಹಾಗೆಯೇ ಒಂದು ಹಾಸ್ಟೆಲಿನವ್ರ ಮೇಲೆ ಬಂದದ್ದನ್ನು ಮಂಗಳೂರಿನ ಯುವಜನತೆ ಅಂತ ಹಿಗ್ಗಿಸ್ಬೇಡಿ, ಟೈಟಲಲ್ಲೂ ಬೇಡ.

ಬರೆಯುದು ಹೇಗೆ ಅಂದ್ರೆ, ನಂಬರ್ ಹೊಸ ಲೆಕ್ಕದ್ದು ಹಾಕ್ಕೊಂಡು, ಸುಮಾರು ಹೀಗೆ: “ಈ ಸ್ಯಾಂಪಲ್ಲಲ್ಲಿ ತಾವೇ ಹೇಳಿದ ಮೊಬೈಲ್ ಬಳಕೆಗೂ ಜಿಎಡಿ-7 ಸ್ಕೋರಿಗೂ ಸಣ್ಣ ಪಾಸಿಟಿವ್ ಸಂಬಂಧ ಕಂಡಿತು, ಆರ್ 0.21, ಶೇಕಡಾ 95ರ ಇಂಟರ್ವಲ್ ಮೈನಸ್ 0.04ರಿಂದ 0.44, ಪಿ 0.10. ಇಂಟರ್ವಲ್ ಅಗಲ ಇರುವುದರಿಂದ ಸಂಬಂಧ ಇಲ್ಲ ಅಂತಲೂ ಇದೆ ಅಂತಲೂ ಖಚಿತವಾಗಿ ಹೇಳಲು ಈ ಡೇಟಾ ಸಾಲದು.” ಆಮೇಲೆ ತೆಗೆದ ಎರಡು ಸಾಲಿನ ಕಾರಣ, ಸ್ಯಾಂಪಲ್ ಎಲ್ಲಿಂದ, ಮುಂದೆ ಮಾಡುವವ್ರಿಗೆ ಎಷ್ಟು ಜನ ಬೇಕು. ಗೈಡ್ ಒಪ್ತಾರಾ ಅಂತ ಭಯ ಇದ್ರೆ ಇಂಟರ್ವಲ್ ಮತ್ತು ಆ 194ರ ಲೆಕ್ಕವನ್ನು ಒಂದು ಪೇಜಲ್ಲಿ ಪ್ರಿಂಟ್ ತೆಗೆದು ತಗೊಂಡು ಹೋಗಿ, ಸರಿಯಾಗಿ ವಿವರಿಸಿದ್ರೆ ಹೆಚ್ಚಿನ ಗೈಡ್‌ಗಳು ಕೇಳ್ತಾರೆ.

ಕೊನೇದು ಆ ನಾಲ್ಕು ಜನ. ನೀವು ಇದನ್ನು ಕೇಳಿದ್ದು ನೋಡಿ ನಂಗೆ ತುಂಬ ಸಂತೋಷ ಆಯ್ತು, ಹೆಚ್ಚಿನವ್ರು ಆರ್ ಬಂದ ಮೇಲೆ ಸ್ಕೋರಿನ ಹಿಂದೆ ಮನುಷ್ಯರಿದ್ದಾರೆ ಅನ್ನುದನ್ನೇ ಮರೀತಾರೆ. ಜಿಎಡಿ-7ರಲ್ಲಿ ಒಟ್ಟು 21, 15 ಅಥವಾ ಮೇಲೆ ಬಂದ್ರೆ ತೀವ್ರ ಅಂತ ಲೆಕ್ಕ, ಆದ್ರೆ ಅದು ಸ್ಕ್ರೀನಿಂಗ್ ಮಾತ್ರ, ಕಾಯಿಲೆ ಉಂಟು ಅಂತ ತೀರ್ಮಾನ ಅಲ್ಲ. ಫಾರ್ಮಲ್ಲಿ ಹೆಸರು, ಇಮೇಲ್ ತಗೊಳ್ದೆ ಇದ್ರೆ ಉತ್ತರ ನೋಡಿ ಇವ್ರೇ ಇರ್ಬೇಕು ಅಂತ ಹುಡುಕ್ಲಿಕ್ಕೆ ಹೋಗ್ಬೇಡಿ, ಅದು ನೀವು ಕೊಟ್ಟ ಮಾತಿಗೆ ವಿರುದ್ಧ. ಫಾರ್ಮ್ ಕಳಿಸಿದ ಅದೇ ಗ್ರೂಪಿಗೆ ಎಲ್ರಿಗೂ ಸೇರಿ ಒಂದು ಮೆಸೇಜ್ ಹಾಕಿ, ಉತ್ತರ ಕೊಟ್ಟದ್ದಕ್ಕೆ ಥ್ಯಾಂಕ್ಸ್, ಕಳೆದ ಕೆಲವು ವಾರದಿಂದ ಆತಂಕ, ನಿದ್ರೆ ಇಲ್ಲದ್ದು ಇದ್ರೆ ಕಾಲೇಜ್ ಕೌನ್ಸೆಲರ್ ಹತ್ರ ಮಾತಾಡಿ, ಅಥವಾ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೂ ಮಾತಾಡ್ತಾರೆ ಅಂತ. ಹೆಸರು ತಗೊಂಡಿದ್ರೆ ನೀವಾಗಿ ಮೆಸೇಜ್ ಮಾಡ್ಬೇಡಿ, ಇವತ್ತೇ ಗೈಡಿಗೆ ತಿಳಿಸಿ, ಆ ನಾಲ್ವರನ್ನು ಹೇಗೆ ಮಾತಾಡಿಸುದು ಅಂತ ಅವ್ರು ಕೌನ್ಸೆಲರ್ ಜೊತೆ ಸೇರಿ ತೀರ್ಮಾನ ಮಾಡ್ಲಿ, ಅನಾಲಿಸಿಸ್ ಫೈಲಿಂದ ಹೆಸರಿನ ಕಾಲಮನ್ನು ಬೇರೆ ಮಾಡಿ ಪಾಸ್‌ವರ್ಡ್ ಹಾಕಿಡಿ. ಮೊದಲು ಈ ಕೆಲಸ ಮುಗಿಸಿ, ಸ್ಕ್ಯಾಟರ್ ಪ್ಲಾಟ್ ನಾಳೆ ಹಾಕಿದ್ರೂ ನಡೀತದೆ.